ಪತ್ರಿ ಗಿಡದ ನೋಟಿಸು

ಮರಾಠಿ ಸೀಮೆಯ ಅಂಬಡದಲ್ಲಿ ನಮ್ಮ ಸೊಸೈಟಿ; ಇಪ್ಪತ್ತನಾಲ್ಕು ಮನೆ, ಐದು ಭಾಷೆ. ನೋಟಿಸು ಯಾವ ಭಾಷೆಯಲ್ಲಿರಬೇಕು ಎಂದು ಮೂರು ಮೀಟಿಂಗು ಜಗಳವಾಯಿತು. ಕೊನೆಗೆ ನಾನೇ ಎದ್ದು ಭಾಷಣ ಬಿಗಿದೆ. ಇಡೀ ದೇಶಕ್ಕೇ ಇಂಗ್ಲಿಷನ್ನು ಆಡಳಿತ ಭಾಷೆ ಮಾಡಬೇಕು, ಅದು ಯಾರ ಮನೆಯದೂ ಅಲ್ಲ, ಹಾಗಾಗಿ ಯಾರಿಗೂ ಅನ್ಯಾಯವಿಲ್ಲ, ನಮ್ಮಿಂದಲೇ ಶುರುವಾಗಲಿ ಎಂದೆ. ಚಪ್ಪಾಳೆ ಬಿತ್ತು, ಠರಾವು ಪಾಸಾಯಿತು. ಆ ಚಪ್ಪಾಳೆ ನೆನೆದರೆ ಈಗ ಮೈ ಉರಿಯುತ್ತದೆ.

ಅಲ್ಲಿಯವರೆಗೆ ನೋಟಿಸು ಮರಾಠಿಯಲ್ಲಿರುತ್ತಿತ್ತು. ವಾಚ್‌ಮನ್ ಜಯರಾಮ ಅದನ್ನು ಗೇಟಿನ ಹತ್ತಿರ ಗಟ್ಟಿಯಾಗಿ ಓದುತ್ತಿದ್ದ. ಬೀದರ ಬಿಟ್ಟು ನಲವತ್ತು ವರ್ಷವಾದ ನಮ್ಮವ್ವ ರುಕ್ಮಿಣಿಬಾಯಿ ನಿಂತು ಕೇಳಿ, ಒಂದೆರಡು ತಪ್ಪು ಹುಡುಕಿಯೇ ಮೇಲೆ ಬರುತ್ತಿದ್ದಳು. ಇಂಗ್ಲಿಷ್ ಇಬ್ಬರಿಗೂ ಬಾರದು; ಗೇಟಿನ ಓದು ನಿಂತುಹೋಯಿತು.

ಲಿಂಗಪೂಜೆಯ ನೀರನ್ನು ಜನ ತುಳಿಯುವಲ್ಲಿ ಚೆಲ್ಲುವಂತಿಲ್ಲ. ಅದಕ್ಕೆಂದೇ ಅವ್ವ ಕಾಂಪೌಂಡಿನಲ್ಲಿ ಪತ್ರಿ, ಅಂದರೆ ಬಿಲ್ವದ ಗಿಡ ನೆಟ್ಟು, ಹದಿನಾರು ವರ್ಷ ದಿನಾ ಬೆಳಿಗ್ಗೆ ಅದರ ಬುಡಕ್ಕೆ ಹಾಕಿದ್ದಳು. ಹೋದ ತಿಂಗಳು ಬೋರ್ಡಿನಲ್ಲಿ ಹೊಸ ಕಾಗದ ಕಂಡು ಕೇಳಿದಳು.

“ಶಿವಕಾಂತ, ಏನ್ ಬರದಾರೋ ಅದರಾಗ?”

“ನೀರಿನ ಬಿಲ್ಲಿಂದ ಇರಬೇಕ ಬಿಡವ್ವ,” ಎಂದೆ. ಕಂಪನಿ ಬಸ್ಸು ಬಂದಿತ್ತು. ನಾನು ಓದಲೇ ಇಲ್ಲ.

ಪಾರ್ಕಿಂಗಿಗಾಗಿ ಗಿಡ ತೆಗೆಯುತ್ತೇವೆ, ತಕರಾರಿದ್ದರೆ ಏಳು ದಿನದೊಳಗೆ ಬರೆದು ಕೊಡಿ ಎಂದು ಅದರಲ್ಲಿತ್ತು. ಏಳನೆಯ ದಿನ ಗಿಡ ಕಡಿಯುವವರು ಅಳತೆಗೆ ಬಂದಾಗಲೇ ಜಯರಾಮ ಅವ್ವನಿಗೆ ಹೇಳಿದ್ದು. ನಾನು ಸೆಕೆಂಡ್ ಶಿಫ್ಟಿನಲ್ಲಿದ್ದೆ, ಫೋನು ಲಾಕರಿನಲ್ಲಿತ್ತು. ಅವ್ವ ತಾನೇ ಕೂತು ಮರಾಠಿಯಲ್ಲಿ ತಕರಾರು ಬರೆದು ಸೆಕ್ರೆಟರಿ ರಘೋತ್ತಮರ ಮನೆಗೆ ಒಯ್ದಳು. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ಮನುಷ್ಯ, ನಮ್ಮವರೇ. ಕಾಗದ ತಿರುಗಿ ಕೊಟ್ಟು ಕನ್ನಡದಲ್ಲೇ ಹೇಳಿದರಂತೆ.

“ಇಂಗ್ಲಿಷಿನ್ಯಾಗ ಬರಸ್ಕೊಂಡ ಬರ್ರಿ, ಅವ್ವಾರ. ನಿಮ್ಮ ಮಗಂದ ಠರಾವು ಇದು.”

ನಾನು ಬರುವಷ್ಟರಲ್ಲಿ ಅವ್ವ ಮಲಗಿದ್ದಳು. ಬೆಳಿಗ್ಗೆ ಗರಗಸದ ಸದ್ದಿಗೆ ಎಚ್ಚರವಾಗಿ ಕೆಳಗೆ ಓಡಿದೆ. ಗಿಡ ಅಡ್ಡ ಬಿದ್ದಿತ್ತು. ರಘೋತ್ತಮರ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಅವರು ತಣ್ಣಗೆ ರಿಜಿಸ್ಟರು ತೆಗೆದು ತೋರಿಸಿದರು. ಯಾರದೂ ತಕರಾರು ಬಂದಿಲ್ಲ ಎಂದು ಶುದ್ಧ ಇಂಗ್ಲಿಷಿನಲ್ಲಿ ಬರೆದಿತ್ತು. ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ ನನಗೆ.

ಹಿಂದೆ ಅವ್ವ ಪೂಜೆಯ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

“ಜಗಳ ಸಾಕು ಮಾಡೋ. ಈ ನೀರು ಎಲ್ಲಿ ಹಾಕ್ಲಿ, ಅಷ್ಟ ಹೇಳು.”