ಪರವಾಗಿ

ಹಲಗೆಯ ಮೇಲೆ ಗಣಿತದ ಮೇಷ್ಟ್ರ ಅಕ್ಷರ ಹಾಗೇ ಇದೆ, ಮೊನ್ನೆಯದು, ಮೂಲೆಯಲ್ಲಿ ಅಳಿಸಬಾರದು ಅಂತ ಬರೆದು ಸುತ್ತ ಚೌಕ ಎಳೆದು ರಜೆಗೆ ಹೋಗಿದ್ದಾರೆ, ಮನುಷ್ಯ ಇಲ್ಲದಿದ್ದರೂ ಅವನ ಲೆಕ್ಕಕ್ಕೆ ಜಾಗವಿದೆ, ಎದುರಿಗೇ ನಿಂತ ಅವಳಿಗೆ ಉಳಿದದ್ದು ಬಲಗಡೆಯ ಒಂದು ಗೇಣು, ಆ ಗೇಣಿನಲ್ಲಿ ಭಿನ್ನರಾಶಿ ಹೇಳಿಕೊಡಬೇಕು, ಛೇದ ಬರೆಯುವಷ್ಟರಲ್ಲಿ ಹಲಗೆಯೇ ಮುಗಿಯುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, ಬದಲಿ ಮಿಸ್, ಇದು ನಿಜವಾದ ಪಾಠಾನಾ ಇಲ್ಲಾ ಸುಮ್ನೆ ಕೂರ್ಸೋಕಾ — ಕೇಳಿದ್ದರಲ್ಲಿ ತಪ್ಪಿಲ್ಲ, ಆದರೂ ಮೈ ಉರಿಯಿತು, ನಿಜವಾದದ್ದೇ ಕಣಮ್ಮ, ಬರ್ಕೋ. ಕೊನೆಯ ಪೀರಿಯಡ್ಡು, ಇನ್ನು ಇಪ್ಪತ್ತು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ, ಐದಕ್ಕೆ ಶಿಕ್ಷಣ ಅಧಿಕಾರಿಯ ಕಚೇರಿ ಮುಚ್ಚುತ್ತದೆ, ನಾಳೆ ಸಮಿತಿ ಕೂರುತ್ತದೆ, ಬದಲಿಯವರ ಮನವಿ ಇವತ್ತು ತಲುಪದಿದ್ದರೆ ಇನ್ನು ಮುಂದಿನ ವರ್ಷಕ್ಕೆ. ಹಾಜರಿ ಪುಸ್ತಕದ ಕೆಳಗೆ ಹೊಸ ಹಾಳೆ ಇದೆ, ಒಂದರಿಂದ ಮೂವತ್ತೆಂಟರವರೆಗೆ ಅವಳೇ ಅಂಕಿ ಹಾಕಿದ್ದು, ಅಂಕಿ, ಚುಕ್ಕೆ, ಮುಂದೆ ಬಿಳಿ. ಹಳೆಯದು ಚೀಲದಲ್ಲಿದೆ, ನಿನ್ನೆ ಕೊಟ್ಟದ್ದು ನಿನ್ನೆಯೇ ಮುಖಕ್ಕೆ ಬಂತು, ಅಧಿಕಾರಿ ಕನ್ನಡಕ ಹಣೆಗೇರಿಸಿ, ಏನಮ್ಮ ಇದು, ಮೂವತ್ತೆಂಟು ಸಹೀಲಿ ಮೂವತ್ತು ಜನ ಪರವಾಗಿ ಅಂತ ಹಾಕಿದೀರಲ್ಲ, ಯಾರ ಪರವಾಗಿ, ಕುರ್ಚಿ ಬೇಕಾಗಿರೋದು ನಿಮಗೋ ಇಲ್ಲಾ ಅಕ್ಕಪಕ್ಕದವರಿಗೋ, ಪಕ್ಕದಲ್ಲಿದ್ದ ಗುಮಾಸ್ತ ಕೆಮ್ಮಿನ ನೆಪದಲ್ಲಿ ನಕ್ಕ. ಅವಳು ಬಗ್ಗಿ ನೋಡಿದಳು, ಮೊದಲ ಸಹಿ ಅವಳದೇ, ಎಡಗಡೆ ಓರೆಯಾಗಿ ಪರವಾಗಿ.

ಹನ್ನೊಂದು ವರ್ಷದ ಚಾಳಿ ಅದು, ಬದಲಿಗೆ ಬಂದವರಿಗೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ರಜೆ ಹಾಕಿದವರ ಹೆಸರಿನ ಮುಂದೆ ಪರವಾಗಿ ಅಂತ ಬರೆದು ರುಜು ಗೀಚಬೇಕು, ವಿಜ್ಞಾನದವರ ಪರವಾಗಿ, ಹೆರಿಗೆಗೆ ಹೋದವರ ಪರವಾಗಿ, ಒಮ್ಮೆ ತೀರಿಕೊಂಡವರ ಪರವಾಗಿಯೂ ಒಂದು ತಿಂಗಳು, ಕೈಗೆ ಬುದ್ಧಿ ಎಲ್ಲಿಂದ ಬರಬೇಕು, ಮಗಳ ಅಂಕಪಟ್ಟಿಗೂ ಹಾಗೇ ಹಾಕಿದಳು, ಅಮ್ಮಾ, ನೀನು ನನಗೂ ಬದಲಿ ಅಮ್ಮಾನಾ ಅಂತ ಮಗಳು ಬಿದ್ದು ಬಿದ್ದು ನಕ್ಕಳು, ಗಂಡನೂ ನಕ್ಕ, ಇವಳೂ ನಕ್ಕಳು, ಆಮೇಲೆ ಪಾತ್ರೆ ತೊಳೆಯುವಾಗ ಒಂದು ಲೋಟ ಎತ್ತಿ ಕುಕ್ಕಿದಳು. ಕೇಳಿದ್ದಾದರೂ ಏನು, ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ, ಪುಸ್ತಕದಲ್ಲಿ ಒಂದು ಹೆಸರು, ಬರಬೇಕಾದರೆ ಹಿಂದಿನ ದಿನವೇ ಒಂದು ಮಾತು, ಜ್ವರ ಬಂದರೆ ಕಿತ್ತುಹಾಕಬಾರದು. ಕೋಗಿಲೆಯನ್ನು ಹಾಗೇ ಕಿತ್ತರು, ಸಂಗೀತದ ಬದಲಿ ಟೀಚರನ್ನು ಎಲ್ಲರೂ ಕರೆಯುವುದೇ ಕೋಗಿಲೆ ಅಂತ, ಮೂರು ದಿನ ಗಂಟಲು ಕಟ್ಟಿತು, ನಾಲ್ಕನೇ ದಿನ ಬಂದರೆ ಬದಲಿಗೊಬ್ಬಳು ಬದಲಿ ಕೂತಿದ್ದಾಳೆ, ಮತ್ತೆ ಸೇರಿಸಿಕೊಳ್ಳಲು ಎರಡು ತಿಂಗಳು ಬಾಗಿಲು ಕಾಯಿಸಿದರು, ಮತ್ತೆ ಸೇರಿದ ದಿನ ಮೆಟ್ಟಿಲಿನ ಕೆಳಗೆ ಇಬ್ಬರೂ ನಿಂತು ಊಟದ ಡಬ್ಬಿ ಬಿಚ್ಚಿದಾಗ, ನಿಂತಲ್ಲೇ, ಯಾಕೆಂದರೆ ಕೂರಲು ಹೋದರೆ ಅದು ಡ್ರಿಲ್ ಮಾಸ್ತರರ ಕುರ್ಚಿ, ಇದು ಹಿರಿಯ ಮೇಡಂದು, ಕೋಗಿಲೆ ಅಂದದ್ದು, ಅಕ್ಕಾ, ಒಂದು ಕಾಗದ ಬರೀರಿ, ನಿಮಗೆ ಬಾಯಿ ಇದೆ, ನಾನು ನಿಮ್ಮ ಹಿಂದೇನೇ ಎರಡನೇ ಸಹಿ. ಬಾಯಿ ಇದೆ, ಹೌದು, ಆ ಬಾಯಿಂದಲೇ ಊರಿನ ಶಾಲೆಗಳ ಮೂವತ್ತೇಳು ಬದಲಿಯವರನ್ನು ಹುರಿದುಂಬಿಸಿದ್ದು, ಬಸ್ ಸ್ಟಾಪಿನಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ನಿಂತ ನಿಂತಲ್ಲೇ ಹಾಕಿಕೊಟ್ಟರು, ಎರಡನೇ ಸಲ ಕೇಳಿದಾಗ ಒಬ್ಬೊಬ್ಬರಿಗೂ ನೆಂಟರ ಮನೆಯ ಒಂದೊಂದು ಕೆಲಸ ನೆನಪಾಯಿತು, ಚಿತ್ರಕಲೆಯವನಂತೂ ನೇರ ಹೇಳಿದ, ಅಕ್ಕಾ, ಮೊದಲನೇ ಸಲ ಹತ್ತರ ಜೊತೆ ಹನ್ನೊಂದು ಅಂತ ಹಾಕ್ಬಿಟ್ಟೆ, ಈಗ ಯೋಚನೆ ಮಾಡೋಕೆ ಒಂದು ರಾತ್ರಿ ಕೊಟ್ರಲ್ಲ, ಅದೇ ಎಡವಟ್ಟಾಯ್ತು. ಅವನ ಮೇಲೆ ರೇಗಬೇಕೆಂದುಕೊಂಡಳು, ರೇಗಲು ಆಗಲಿಲ್ಲ, ಅವಳಿಗೂ ಒಂದು ರಾತ್ರಿ ಸಿಕ್ಕಿತ್ತು. ಬೆಳಿಗ್ಗೆ ಹೆಡ್ ಮಿಸ್ ಕರೆದು, ಬಾಗಿಲು ಮುಂದೆ ಮಾಡಿ, ಗಣಿತದವರು ಈ ವರ್ಷ ಪೂರ್ತಿ ಬರಲ್ಲ, ಆ ಜಾಗಕ್ಕೆ ನಿಮ್ಮನ್ನೇ ಅಂದ್ಕೊಂಡಿದ್ದೆ, ವರ್ಷ ಪೂರ್ತಿ, ಆದರೆ ನೋಡೀಮ್ಮ, ಜಗಳಗಂಟಿ ಅಂತ ಹೆಸರು ಬಂದ್ರೆ ನನ್ನ ಕೈಲೂ ಇರಲ್ಲ. ಹೆಸರು ಬರಲಿ ಮೇಡಂ, ಯಾವುದಾದರೂ ಒಂದು ಹೆಸರು ಬರಲಿ — ಅನ್ನಬೇಕಿತ್ತು, ಅನ್ನಲಿಲ್ಲ, ಸರಿ ಮೇಡಂ ಅಂದು ತರಗತಿಗೆ ಬಂದಳು.

ಗಂಟೆ. ಬೆಂಚುಗಳು ಕಿರ್ರೆಂದವು, ಹುಡುಗಿಯರು ಹೊಳೆಯ ಹಾಗೆ ಹೊರಗೆ ಹೋದರು, ಕೋಣೆ ತಣ್ಣಗಾಯಿತು, ಹಾಳೆ ಎಳೆದುಕೊಂಡಳು, ಒಂದು, ಚುಕ್ಕೆ, ಪೆನ್ನು ತಾನಾಗಿ ಎಡಕ್ಕೆ ಜಾರಿತು, ಪ ಬರೆಯುವ ಜಾಗಕ್ಕೆ, ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬಲಕ್ಕೆ ತಂದಳು, ಬರೀ ಹೆಸರು ಬರೆದಳು, ವರ್ಷ ಪೂರ್ತಿಯ ಜಾಗ ಹೋಯಿತು, ಹೋಗಲಿ, ಎಷ್ಟು ಸಣ್ಣದು ಈ ಹೆಸರು, ಯಾರದೋ ಹೆಸರಿನ ಹಾಗೆ ಕಾಣುತ್ತದೆ, ಇನ್ನು ಕೋಗಿಲೆ ಬಂದರೆ ಸಾಕು, ಇಬ್ಬರಾದರೆ ಮನವಿ, ಒಬ್ಬಳಾದರೆ ಹುಚ್ಚು. ಬಂದಳು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು, ಚಪ್ಪಲಿ ನೋಡುತ್ತ, ಅಕ್ಕಾ, ಹೆಡ್ ಮಿಸ್ ನನ್ನನ್ನೂ ಕರೆದಿದ್ರು. ಓ. ಮನೇಲಿ ಇವರಿಗೂ ಕೆಲಸ ಇಲ್ಲ ಈಗ, ನಿಮಗೆ ಗೊತ್ತಲ್ಲ. ಗೊತ್ತು ಕಣೇ. ಬೈಯಿರಿ ಅಕ್ಕಾ, ಸುಮ್ನೆ ಇರಬೇಡಿ, ಬೈದುಬಿಡಿ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಕೋಗಿಲೆ ಮೆಟ್ಟಿಲಿನತ್ತ ತಿರುಗಿ ಮತ್ತೆ ನಿಂತು, ಅದೇ ಮೆಲ್ಲನೆಯ ದನಿಯಲ್ಲಿ, ನನ್ನದೂ ನೀವೇ ಹಾಕ್ಬಿಡಿ ಅಕ್ಕಾ, ನನ್ನ ಪರವಾಗಿ. ಇಳಿದು ಹೋದಳು, ಚಪ್ಪಲಿಯ ಸದ್ದು ಒಂದು ಮಹಡಿ, ಇನ್ನೊಂದು ಮಹಡಿ, ಗೇಟು. ಹಾಕಬಹುದು, ಯಾರ ರುಜುವಾದರೂ ಕೈಗೆ ಬರುತ್ತದೆ, ಬಾರದವರ ಬದಲಿಗೆ ನಿಲ್ಲುವುದೇ ತಾನೇ ಅವಳ ಕಸುಬು, ಇವತ್ತು ಮೂವತ್ತೇಳು ಜನ ಬಂದಿಲ್ಲ, ಇಲ್ಲಿ ಮಾತ್ರ ಬದಲಿ ನಡೆಯುವುದಿಲ್ಲ, ನಾಲ್ಕೂ ನಲವತ್ತು, ಈಗ ಹೊರಟರೆ ಬಸ್ಸು ಸಿಗುತ್ತದೆ, ಏಳಬೇಕು, ಹಾಳೆ ಮಡಚಬೇಕು, ಎರಡು, ಚುಕ್ಕೆ, ಅದರ ಮುಂದೆ ಪೆನ್ನಿನ ಮೊನೆ, ಮೊನೆಯ ಮುಂದೆ ಬಿಳಿ, ಎರಡು, ಚುಕ್ಕೆ, ಬಿಳಿ, ಎರಡು, ಚುಕ್ಕೆ