ಎರಡೇ ಚಕ್ರ

"ನಾಲ್ಕು ಚಕ್ರದ್ದೇ ಬರ್ಕೊ ಕರಿಯಪ್ಪ," ಎಂದ ರೇಣುಕಪ್ರಸಾದ್, ಅತ್ತಿಗೆಯ ಕಡೆ ತಿರುಗಿಯೂ ನೋಡದೆ.

"ಬರ್ಕೋಬೇಡ. ನಂಗೆ ಎರಡು ಚಕ್ರದ್ದು," ಎಂದಳು ಗುರುಸಿದ್ದಮ್ಮ.

ತಿಪಟೂರಿನಲ್ಲಿ ಟ್ರೈಲರ್ ಕಟ್ಟಿಕೊಡುವ ಕರಿಯಪ್ಪ ಪೆನ್ನು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ. ಗುರುಸಿದ್ದಮ್ಮನ ಗಂಡ ಬೆಟ್ಟಸ್ವಾಮಿ ಸೊಂಟ ನೋವಿಗೆ ಟ್ರಾಕ್ಟರ್ ಸೀಟು ಬಿಟ್ಟು ಮೂರು ವರ್ಷವಾಗಿತ್ತು. ಅಂದಿನಿಂದ ಟ್ರಾಕ್ಟರ್ ಹತ್ತಿ ಊರವರ ತೆಂಗಿನ ತೋಟ ತೋಟಕ್ಕೆ ನುಗ್ಗಿ ಕಾಯಿ, ಮಟ್ಟೆ ಹೊತ್ತು ತರುತ್ತಿದ್ದವಳು ಅವಳೇ. ಹಳೆಯ ಟ್ರೈಲರಿನ ತಳ ತುಕ್ಕು ಹಿಡಿದು ಉದುರಿತ್ತು. ಹೊಸದಕ್ಕೆಂದು ತನ್ನೂರು ಬಿಳಿಗೆರೆಯಿಂದ ಟ್ರಾಕ್ಟರ್ ಹೊರಡಿಸಿದರೆ, ಯಾರೂ ಕರೆಯದಿದ್ದರೂ ಮೈದುನ ಬೈಕ್ ಹತ್ತಿ ಹಿಂದೆಯೇ ಬಂದಿದ್ದ.

"ಅತ್ತಿಗೆ, ಸ್ವಲ್ಪ ಕೇಳಿ. ಎರಡು ಚಕ್ರದ ಸಿಂಗಲ್ ಆಕ್ಸಲ್ ಆದ್ರೆ ಭಾರವೆಲ್ಲ ಮುಂದಕ್ಕೆ, ಟ್ರಾಕ್ಟ್ರು ಕೊಕ್ಕೆ ಮೇಲೆ ಬಿದ್ದು, ಏರಲ್ಲಿ ಟ್ರಾಕ್ಟ್ರು ಮೂತಿ ಎತ್ತುತ್ತೆ. ನಾಲ್ಕು ಚಕ್ರದ ಡಬಲ್ ಆದ್ರೆ ಭಾರ ತಾನೇ ಹೊತ್ಕಂತದೆ. ಒಂದು ಟೈರು ಢಮ್ ಅಂದ್ರೂ ನಿಂತಿರ್ತದೆ. ದೊಡ್ಡದು ತಿರುಗ್ಸೋಕೆ ಭಯ ಅನ್ನಿ, ಡ್ರೈವರ್‌ನ ಮಡಗಾನ."

ಕರಿಯಪ್ಪ ಮೀಸೆಯಲ್ಲೇ ನಕ್ಕ.

ಅಂಗಳದಲ್ಲಿ ನಾಲ್ಕು ಚಕ್ರದ ಟ್ರೈಲರೊಂದು ಕಬ್ಬಿಣದ ಪಟ್ಟಿ ತುಂಬಿಕೊಂಡು ನಿಂತಿತ್ತು. "ಅದನ್ನ ಸಿಗಿಸು," ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ರಾಕ್ಟರ್ ಹತ್ತಿದಳು. ಅಂಗಳದ ನಡುವೆ ಇದ್ದ ತೆಂಗಿನ ಮರವನ್ನು ಒಂದೇ ಉಸಿರಿಗೆ, ಒಂದು ಗೇಣು ಅಂತರದಲ್ಲಿ ಸುತ್ತಿ ತಂದು ನಿಲ್ಲಿಸಿದಳು.

"ನೀರು ಕುಡಿದಂಗೆ ತಿರುಗಿಸ್ದ್ರಲ್ಲ! ಮತ್ತೇನು, ಇದೇ ಇರ್ಲಿ," ಎಂದ ರೇಣುಕಪ್ರಸಾದ್.

"ಬರಲ್ಲ ಅಂತ ನಾ ಎಲ್ಲಿ ಅಂದೆ? ಬೇಡ ಅಂದಿದ್ದು. ನೆಲ ನೋಡು ಕಣಪ್ಪ."

ತಿರುವಿನಲ್ಲಿ ಟ್ರೈಲರಿನ ಹಿಂದಿನ ಟೈರುಗಳು ಉರುಳದೆ ಪಕ್ಕಕ್ಕೆ ತೀಡಿಕೊಂಡು ಬಂದಿದ್ದವು. ನೇಗಿಲು ಹೊಡೆದಂತೆ ಮಣ್ಣು ಎದ್ದು, ಮರದ ಬುಡದಲ್ಲಿ ಬೇರು ಬೆಳ್ಳಗೆ ಹೊರಬಿದ್ದಿತ್ತು.

"ಹೋದ ಸಲ ಇಂಥದ್ದೇ ಬಾಡಿಗೆಗೆ ತಂದು ಚಿಕ್ಕಗಂಗಮ್ಮನ ತೋಟಕ್ಕೆ ನುಗ್ಗಿಸ್ದೆ. ಡ್ರಿಪ್ ಪೈಪೆಲ್ಲ ಕಿತ್ಕಂಡು ಬಂತು. ಆಯಮ್ಮ ಬಯ್ಲಿಲ್ಲ, ಗೇಟು ಹಾಕ್ಕಂಡ್ಳು ಅಷ್ಟೆ. ಇವತ್ತಿಗೂ ಕರೆದಿಲ್ಲ. ರೋಡಲ್ಲಿ ಓಡಿಸೋರು ಎಂಟು ಚಕ್ರ ಹಾಕ್ಕಳ್ಳಿ. ನಾ ದುಡಿಯೋದು ಮರದ ಸಾಲಲ್ಲಿ, ಎರಡು ಚಕ್ರದ್ದು ಹಿಂಗೆ ನೆಲ ಕೆರೆಯಲ್ಲ. ಭಾರ ಎಲ್ಲಿ ಬೀಳ್ಬೇಕೋ ಅಲ್ಲಿ ಬೀಳೋ ಹಂಗೆ ನಾನೇ ನಿಂತು ತುಂಬಿಸ್ತೀನಿ."

"ಹೆಂಗಸು, ಹೆದ್ರಿ ಚಿಕ್ಕದು ತಂದ್ಳು ಅಂತಾರೆ ಊರಲ್ಲಿ."

"ಅನ್ಲಿ ಬುಡು. ಅನ್ನೋರು ಬಂದು ಮಟ್ಟೆ ಹೊರ್ತಾರಾ?" ಅವಳು ಕರಿಯಪ್ಪನ ಕಡೆ ತಿರುಗಿದಳು. "ಸಿಂಗಲ್ ಆಕ್ಸಲ್. ಮಾಲೀಕರ ಹೆಸರು ಗುರುಸಿದ್ದಮ್ಮ. ಬರ್ಕೊ."

ಕರಿಯಪ್ಪ ಬರೆದುಕೊಂಡು, ಟೈರು ತೋರಿಸಲು ಅವಳನ್ನು ಒಳಗೆ ಕರೆದೊಯ್ದ. ಅಂಗಳದಲ್ಲಿ ಒಬ್ಬನೇ ಉಳಿದ ರೇಣುಕಪ್ರಸಾದ್ ಅತ್ತಿತ್ತ ನೋಡಿದ. ಆಮೇಲೆ, ಎದ್ದ ಮಣ್ಣನ್ನು ಚಪ್ಪಲಿಯ ತುದಿಯಿಂದ ಮೆಲ್ಲಗೆ ತಳ್ಳಿ ತಳ್ಳಿ ಬೇರಿನ ಮೇಲೆ ಮುಚ್ಚತೊಡಗಿದ.