ಪಿಂಚಣಿ ಅರ್ಜಿಯಲ್ಲಿ ಗಂಡನ ಹೆಸರು

ಕರೂರು ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಯಶೋದಾ ಇಪ್ಪತ್ತೊಂದು ವರ್ಷ ಕಾಲರ್ ಹೊಲಿದವಳು. ಕಾಲು ಮುರಿದ ಮೇಲೆ ಮಿಷಿನ್ ತುಳಿಯಲಾಗದೆ ಐವತ್ತೆರಡಕ್ಕೇ ಕೆಲಸ ಬಿಟ್ಟಳು. ಪಿಂಚಣಿ ಅರ್ಜಿ ತುಂಬಲು ಫ್ಯಾಕ್ಟರಿ ಆಫೀಸಿಗೆ ಹೋದಾಗ ಅವಳಿಗಿದ್ದದ್ದು ಒಂದೇ ಆಸೆ: ತಾನು ಸತ್ತ ಮೇಲೆ ಬರುವ ದುಡ್ಡು ರಹಮತ್ ಬೀಗೆ ಸೇರಬೇಕು. ರಹಮತ್ ಬೀ ಪಕ್ಕದ ಮನೆಯವಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಯಶೋದಾ ಮಲಗಿದಲ್ಲೇ ಇದ್ದ ನಾಲ್ಕು ತಿಂಗಳು ಉಣಿಸಿ, ಮೀಯಿಸಿ, ಎಬ್ಬಿಸಿ ನಿಲ್ಲಿಸಿದವಳು. ಒಡಹುಟ್ಟಿದವರು ಅಷ್ಟು ಮಾಡಿದರೇ? ಒಬ್ಬರಾದರೂ ಬಾಗಿಲಿಗೆ ಬಂದಿದ್ದರೆ ಕೇಳಿ!

ಆಫೀಸಿನ ರೂಪಶ್ರೀ ತಲೆಯಾಡಿಸಿದಳು. "ಯಶೋದಮ್ಮಾರೆ, ನಿಮಗೆ ಗಂಡ ಇದಾರಲ್ರಿ. ನಿಮ್ಮ ನಂತರ ಪಿಂಚಣಿ ಅವರಿಗೇ ಹೋಗೋದು. ಬ್ಯಾರೆಯವರ ಹೆಸರು ಬರಿಯಂಗಿಲ್ಲ."

"ಯಾವ ಗಂಡ್ರಿ? ಮಕ್ಕಳಾಗಲಿಲ್ಲ ಅಂತ ನಮ್ಮೂರು ಕೊಕ್ಕನೂರಾಗ ಹಿರೇರು ಕೂತು ಬಾಂಡ್ ಪೇಪರ್ ಮ್ಯಾಲೆ ಬಿಡಿಸಿ ಇಪ್ಪತ್ತೆರಡು ವರ್ಷ ಆತು!"

"ಅದು ನಡೆಯಲ್ರಿ, ಕೋರ್ಟಿಂದ ಡಿವೋರ್ಸ್ ಆಗಿರಬೇಕು. ಕಾಯ್ದೆಗೆ ನೀವು ಈಗಲೂ ಅವರ ಹೆಂಡ್ತಿ. ಅವರಿಗೂ ಪಿಂಚಣಿ ಇದ್ದು, ಅವರು ಮೊದಲು ಹೋದ್ರೆ ಅದೂ ನಿಮಗೇ ಬರ್ತೈತೆ. ನಿಮ್ಮದಕ್ಕಿಂತ ಜಾಸ್ತಿನೇ ಇರಬಹುದು, ಯೋಚ್ನೆ ಮಾಡ್ರಿ."

ಯಶೋದಾಗೆ ಮೈಯೆಲ್ಲ ಉರಿಯಿತು. ಸತ್ತೆಯೋ ಬದುಕಿದೆಯೋ ಎಂದು ಒಂದು ದಿನವೂ ಕೇಳದವನು ತನ್ನ ಬೆವರಿನ ದುಡ್ಡು ತಿನ್ನುವುದೇ? ಇನ್ನೊಬ್ಬರ ಸಾವು ಕಾಯ್ದು ತಿನ್ನುವ ದುಡ್ಡೂ ಅವಳಿಗೆ ಬೇಡವಾಗಿತ್ತು. ಭಾನುವಾರ ಬೆಳಿಗ್ಗೆಯೇ ಹರಿಹರದ ಬಸ್ ಹತ್ತಿದಳು.

ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ಆ ಗಂಡ, ಶಿವಮೂರ್ತಿ, ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ. ಹಳೆಯ ಹೆಂಡತಿಯನ್ನು ಕಂಡವನೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ. ಅವನ ಶೌರ್ಯ ಮೊದಲಿನಿಂದಲೂ ಅಷ್ಟೇ. ಎರಡನೆಯವಳು ಓಬವ್ವ ಮಾತ್ರ "ಬರ್ರಿ ಅಕ್ಕ, ಕೂಡ್ರಿ" ಎಂದು ಚಾಪೆ ಹಾಸಿ ಚಹಾ ಕೊಟ್ಟಳು. ಯಶೋದಾ ಬಂದ ಕಾರಣ ಹೇಳಿದಳು.

"ಈ ವಯಸ್ಸಿನಾಗ ಕೋರ್ಟು ಗೀರ್ಟು ಯಾಕ? ಜನ ನಗ್ತಾರೆ. ಇದ್ದಂಗೆ ಇರ್ಲಿ ಬಿಡು," ಎಂದ ಶಿವಮೂರ್ತಿ ಪೇಪರಿನ ಹಿಂದಿನಿಂದ.

"ಇದ್ದಂಗೆ ಇದ್ರೆ ನಿಮ್ಮ ಪಿಂಚಣಿ ನಾಳೆ ನನಗ ಬರ್ತೈತಂತೆ. ಓಬವ್ವಗೆ ಒಂದು ರೂಪಾಯಿನೂ ಇಲ್ಲ. ಕಾಯ್ದೆ ಪ್ರಕಾರ ಆಕಿ ನಿಮ್ಮ ಹೆಂಡ್ತಿನೇ ಅಲ್ಲಂತೆ."

ಓಬವ್ವ ಗಂಡನ ಕೈಯಿಂದ ಪೇಪರ್ ಕಿತ್ತುಕೊಂಡಳು. "ಇಪ್ಪತ್ತು ವರ್ಷ ನಿಮಗೆ ರೊಟ್ಟಿ ಬಡಿದು ಹಾಕೀನಿ. ನಾನು ಹೆಂಡ್ತಿ ಅಲ್ವಾ?"

"ಹಂಗಲ್ಲ ಕಣೇ..."

"ಹೆಂಗೂ ಬ್ಯಾಡ! ಎದ್ದು ಅಂಗಿ ಹಾಕ್ಕಳ್ರಿ. ವಕೀಲರ ಮನಿಗೆ ಹೋಗಾನ."

ಗುಂಡಿ ಹಾಕಿಕೊಳ್ಳುವ ಪುರುಸೊತ್ತೂ ಅವನಿಗೆ ಸಿಗಲಿಲ್ಲ.

ಯಶೋದಾ, ಶಿವಮೂರ್ತಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ದರಿಂದ ಎಂಟು ತಿಂಗಳಿಗೆ ಕೋರ್ಟು ಬಿಡುಗಡೆ ಕೊಟ್ಟಿತು. ಪ್ರತಿ ತಾರೀಖಿಗೂ ಓಬವ್ವ ಬುತ್ತಿ ಕಟ್ಟಿಕೊಂಡು ಬಂದಳು. ಮೂವರೂ ಕೋರ್ಟಿನ ಮರದ ಕೆಳಗೆ ಕೂತು ಉಂಡರು. ರೂಪಶ್ರೀ ಅರ್ಜಿಯಲ್ಲಿ ರಹಮತ್ ಬೀ ಹೆಸರು ಬರೆದಳು. ವಿಷಯ ಕೇಳಿ ರಹಮತ್ ಬೀ, "ನಿನಗಿಂತ ಮೊದ್ಲು ನಾನೇ ಹೋಗ್ತೀನಿ, ನಿನ್ನ ದುಡ್ಡು ಯಾರಿಗೆ ಬೇಕೇ?" ಎಂದು ಬೈದು, ಒಳಗೆ ಹೋಗಿ ಅತ್ತಳು. ಯಶೋದಾಗೆ ಎದೆ ಹಗುರಾಯಿತು.

ಇನ್ನು ಶಿವಮೂರ್ತಿ, ಓಬವ್ವ ಕಾಯ್ದೆ ಪ್ರಕಾರ ಹೊಸದಾಗಿ ಮದುವೆಯಾಗಬೇಕಿತ್ತು. ದೇವಸ್ಥಾನದಲ್ಲಿ ಹಾರ ಹಾಕಿಕೊಂಡು ನೋಂದಣಿ ಕಚೇರಿಗೆ ಹೋದರೆ ಮೂವರು ಸಾಕ್ಷಿ ಬೇಕೆಂದರು. ಈ ವಯಸ್ಸಿನ ಮದುವೆಗೆ ನಾಚಿ ನೆಂಟರು ಬಂದಿರಲಿಲ್ಲ, ಫ್ಯಾಕ್ಟರಿಯ ಗೆಳೆಯರು ಇಬ್ಬರೇ ಇದ್ದರು. ಓಬವ್ವ ಫೋನ್ ಮಾಡಿದಳು. ಯಶೋದಾ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಳು.

"ನೀವು ಇವರಿಗೆ ಏನಾಗಬೇಕ್ರಿ?" ಎಂದರು ಅಧಿಕಾರಿ.

ಶಿವಮೂರ್ತಿ ನೆಲ ನೋಡಿದ. ಓಬವ್ವ ಯಶೋದಾಳ ಕೈ ಹಿಡಿದುಕೊಂಡಳು.

"ನಮ್ಮಕ್ಕ ರೀ," ಎಂದಳು. "ಹೆಣ್ಣಿನ ಕಡೆಯವರು."